ಪಂಡಿತಾ ರಮಾಬಾಯಿಯವರು

ಲೋಕೋಪಕಾರವು ಧನವಂತರಿಂದಲೂ ಅಧಿಕಾರಸ್ಥರಿಂದಲೂ ಮಾತ್ರವೇ ಆಗತಕ್ಕದ್ದೆಂದು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರು ಎಣಿಸುವದುಂಟು. ಈ ಎಣಿಕೆಯು ಸರಿಯಲ್ಲವೆಂಬದಕ್ಕೆ ನಮ್ಮ ನಾಡಿನ ಮಲೆಯಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿಯವರ ಜೀವಮಾನವು ಸಾಕ್ಷಿಯಾಗಿದೆ.

1858ನೆಯ ಇಸವಿ ಏಪ್ರಿಲ್ 23ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಅವರು ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂಬ ಅಂದಿನ ಕಟ್ಟಳೆಯನ್ನು ಲಕ್ಷಿಸದೆ ತಮ್ಮ ಪತ್ನಿಗೆ ಅದನ್ನು ಕಲಿಸಿದ್ದರು. ಆ ತಾಯಿಯೇ ರಮಾಬಾಯಿಯವರಿಗೆ ಗುರುವಾದರು. ಪುರಾಣ ಹೇಳುತ್ತಾ ಊರೂರು ಅಲೆಯುತ್ತಿದ್ದ ಆ ಕುಟುಂಬವು ಘೋರವಾದ ಕ್ಷಾಮಕ್ಕೆ ಸಿಕ್ಕಿ ಕಾಡಿನ ಸೊಪ್ಪು ತಿಂದು ಜೀವ ಹಿಡಿಯಬೇಕಾಯಿತು. ತಂದೆ, ತಾಯಿ, ಅಕ್ಕ ಈ ಮೂವರೂ ಒಬ್ಬರ ಹಿಂದೊಬ್ಬರು ತೀರಿಹೋದರು.

ಉಳಿದ ಅಣ್ಣನೊಡನೆ ಸಾವಿರಾರು ಮೈಲು ಕಾಲ್ನಡಿಗೆಯಿಂದ ಸಂಚರಿಸಿ, ಅವರು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಮೃತನಾದನು. ಅದೇ ವರುಷ ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ದಾಸರನ್ನು ವಿವಾಹವಾದರು. 1882ರಲ್ಲಿ ಪತಿಯು ವಾಂತಿಭೇದಿಯ ರೋಗದಿಂದ ಮರಣಹೊಂದಲು, ವರುಷ ತುಂಬದ ಮಗಳು ಮನೋರಮೆಯೊಡನೆ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆಯನ್ನು ತೆರೆದು, ಮರುವರುಷ ಅದನ್ನು ಪುಣೆಗೆ ಸಾಗಿಸಿದರು. 1893ರಲ್ಲಿ ಬಾಲೆಯರು ಕ್ರೈಸ್ತರಾಗುವರೆಂಬ ಗದ್ದಲವೆದ್ದು, ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಪೋಷಕರು ಬಿಡಿಸಿಕೊಂಡು ಹೋದರು. ಸಹಾಯಕರಾಗಿದ್ದ ಗಣ್ಯರೂ ಕೈಬಿಟ್ಟರು. ಆದರೂ ಅವರು ಶಾಲೆಯನ್ನು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ತಮ್ಮಲ್ಲಿ ಹಣವೂ ಬಲವೂ ಇಲ್ಲವೆಂದು ರಮಾಬಾಯಿಯವರು ಮೊದಲು ಹಿಂಜರಿದರು. ಆದರೆ ತಾವೇ ಹಸಿದು ಬಿದ್ದಿದ್ದ ದಿವಸಗಳ ನೆನಪು ಅವರನ್ನು ಸುಮ್ಮನಿರಗೊಡಲಿಲ್ಲ. ಹೊರಟುಹೋಗಿ, ಎಲುಬು ಮಾತ್ರ ಉಳಿದಿದ್ದ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರತಂದರು. ಪುಣೆಯ ಸಮೀಪದ ಕೇಡಗಾಂವಿಯಲ್ಲಿದ್ದ ಹೊಲವೇ ಅವರಿಗೆ ಮನೆಯಾಯಿತು. ಅದೇ ಮುಕ್ತಿ ಸದನವು. 1900ರ ಗುಜರಾತಿನ ಬರದ ತರುವಾಯ ಅಲ್ಲಿಯ ನಿವಾಸಿಗಳು ಎರಡು ಸಾವಿರದ ಸಮೀಪಕ್ಕೆ ಬಂದರು. ಅವರು ಕೇವಲ ಅನ್ನ ತಿಂದು ಕೂತಿರಲಿಲ್ಲ. ಓದು, ನೇಯಿಗೆ, ಬೇಸಾಯ, ಅಚ್ಚುಕೂಟದ ಕೆಲಸ ಇವುಗಳನ್ನು ಕಲಿತು ಸ್ವಂತ ಕೈಯಿಂದ ಜೀವಿಸತಕ್ಕವರಾದರು.

ಕಡೆಯ ವರುಷಗಳಲ್ಲಿ ಅವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಬಡ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. 1921ರಲ್ಲಿ ಮಗಳು ಮನೋರಮೆಯು ಮೃತಳಾದಾಗಲೂ ಕೆಲಸವನ್ನು ಬಿಡದೆ ನಡಿಸಿ, 1922 ಏಪ್ರಿಲ್ 5ರಲ್ಲಿ ತಾವೂ ವಿಶ್ರಾಂತಿಯನ್ನು ಹೊಂದಿದರು. ಗ್ರಂಥವು 1924ರಲ್ಲಿ ಪ್ರಕಟವಾಯಿತು.

ಅವರನ್ನು ನಡಿಸಿದ್ದು ಯಾವದು? ಕೀರ್ತಿಯು ಕಲ್ಕತ್ತೆಯಲ್ಲಿಯೇ ದೊರೆತಿತ್ತು; ಅಷ್ಟಕ್ಕೇ ತೃಪ್ತರಾಗಿ ಕೂತಿರಬಹುದಾಗಿತ್ತು. ತಮಗೆ ಬಂದ ಸಂಕಟವನ್ನು ಮರೆಯದೆ, ಅದೇ ಸಂಕಟದಲ್ಲಿರುವವರನ್ನು ಗುರುತಿಸಿದ್ದರಿಂದಲೇ ಅವರು ಎದ್ದು ಹೊರಟರು. ನಮ್ಮಲ್ಲಿ ಹಸಿವನ್ನೂ ಸಾಲವನ್ನೂ ಮರಣದುಃಖವನ್ನೂ ಅರಿಯದವರು ಯಾರು? ಆ ನೆನಪು ನಮಗೆ ನಾಚಿಕೆಯಲ್ಲ. ನೆರೆಮನೆಯ ವಿಧವೆಯ ಬಾಗಿಲಿಗೆ ನಾವು ಹೋಗುವಂತೆ ದೇವರು ನಮಗೆ ತೋರಿಸಿದ ದಾರಿಯೇ ಅದು.