ಮೆಟ್ಟಿಲು ಹತ್ತಿದ ಯುವಕರು



ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬರುವಾಗ ದೇವಾಲಯದ ಬಾಗಿಲ ಬಳಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕಾಣಿಕೆ ಡಬ್ಬಿಯನ್ನು ನೀವು ನೋಡಿಯೇ ಇರುತ್ತೀರಿ. ಜೇಬಿನಲ್ಲಿ ಸಿಕ್ಕ ಚಿಲ್ಲರೆಯನ್ನು ಅದರಲ್ಲಿ ಹಾಕಿಯೂ ಇರುತ್ತೀರಿ. ಡಬ್ಬಿ ಹಿಡಿದು ನಿಂತವರು ಸಾಮಾನ್ಯವಾಗಿ ಕೆಲಸದಿಂದ ನಿವೃತ್ತರಾದ, ತಲೆ ನರೆತ ಹಿರಿಯರು. ಅವರ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಆ ಸಭೆಯನ್ನು ಹುಟ್ಟುಹಾಕಿದವರು ಮೀಸೆ ಚಿಗುರುತ್ತಿದ್ದ ಕಾಲೇಜು ಹುಡುಗರು ಎಂದರೆ ನಮ್ಮ ಯುವಜನರು ಬೇಗ ನಂಬುವುದಿಲ್ಲ. ಅದೂ ಎಂಥ ಕಾಲದಲ್ಲಿ! ಬೀದಿಗಳಲ್ಲಿ ಬಂದೂಕು ಸಿಡಿಯುತ್ತಿದ್ದ, ಬಡವರೂ ಬಲ್ಲಿದರೂ ಒಬ್ಬರನ್ನೊಬ್ಬರು ಶತ್ರುಗಳೆಂದೇ ಎಣಿಸಿದ್ದ ಕಾಲದಲ್ಲಿ. ಆ ಹುಡುಗರಲ್ಲಿ ಮುಖ್ಯರಾದ ಪುನೀತ ಫ್ರೆಡರಿಕ್ ಓಝಾನಾಮರ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಫ್ರೆಡರಿಕ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ಬೆಳೆದದ್ದು ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಅನಂತರ ವೈದ್ಯರಾದವರು. ತಾಯಿ ರೇಷ್ಮೆ ವ್ಯಾಪಾರಿಯ ಮಗಳು. ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಹೆಚ್ಚಿನವರನ್ನು ಈ ದಂಪತಿಗಳು ತಮ್ಮ ಕೈಯಾರೆ ಮಣ್ಣು ಮಾಡಬೇಕಾಯಿತು. ದುಃಖ ಕಂಡ ಮನೆ, ಆದರೆ ಬಾಗಿಲು ಮುಚ್ಚಿಕೊಂಡ ಮನೆಯಲ್ಲ. ಅವರ ಬಗ್ಗೆ ಒಂದು ಸೊಗಸಾದ ಪ್ರಸಂಗವನ್ನು ಹೇಳುತ್ತಾರೆ. ವಯಸ್ಸಾಗುತ್ತಾ ಬಂದಾಗ ಗಂಡ ಹೆಂಡತಿ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರಂತೆ. ಬಡ ರೋಗಿಗಳನ್ನು ನೋಡಲು ಹೋಗುವಾಗ ಇನ್ನು ಮುಂದೆ ನಾಲ್ಕನೆಯ ಮಹಡಿಗಿಂತ ಮೇಲಕ್ಕೆ ಇಬ್ಬರೂ ಹತ್ತಬಾರದು ಎಂದು. ಆ ಊರಿನಲ್ಲಿ ಬಾಡಿಗೆ ಕಡಿಮೆ ಇದ್ದದ್ದು ಮೇಲಿನ ಮಹಡಿಗಳಿಗೆ; ಕಡುಬಡವರು ವಾಸಿಸುತ್ತಿದ್ದದ್ದು ಸೂರಿನ ಕೆಳಗಿನ ಗೂಡಿನಂಥ ಕೋಣೆಗಳಲ್ಲಿ. ಒಂದು ದಿನ ಡಾಕ್ಟರರು ಮಾತು ಮುರಿದು, ಹೆಂಡತಿಗೆ ತಿಳಿಯದಂತೆ ತುದಿಯ ಮಹಡಿಗೆ ಹತ್ತಿ ಹೋದರೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಆಗಲೇ ಕುಳಿತಿದ್ದವರು ಅವರ ಹೆಂಡತಿ! ಇಂಥ ತಂದೆತಾಯಿಗಳ ಮಗ ಮುಂದೆ ಏನು ಮಾಡಿದನೆಂಬುದರಲ್ಲಿ ಆಶ್ಚರ್ಯಕ್ಕೆ ಕಾರಣವಿಲ್ಲ. ಆ ತಂದೆ 1837ರಲ್ಲಿ ತೀರಿಕೊಂಡದ್ದೂ ಬಡ ರೋಗಿಯೊಬ್ಬನನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದು.

ಹದಿನೈದು ಹದಿನಾರರ ವಯಸ್ಸಿನಲ್ಲಿ ಫ್ರೆಡರಿಕ್‌ನಿಗೆ ವಿಶ್ವಾಸದ ಬಗ್ಗೆಯೇ ಸಂಶಯ ಹುಟ್ಟಿತು. ರಾತ್ರಿ ನಿದ್ದೆ ಬಾರದಷ್ಟು ಕಾಡಿತು. ಇದನ್ನು ಏಕೆ ಹೇಳುತ್ತೇನೆಂದರೆ, ಮಕ್ಕಳು ಹೀಗೆ ಪ್ರಶ್ನೆ ಕೇಳಿದಾಗ ನಾವು, ಗುರುಗಳೂ ಸೇರಿ, ಗದರಿಸಿ ಬಾಯಿ ಮುಚ್ಚಿಸುವುದೇ ಹೆಚ್ಚು. ಫ್ರೆಡರಿಕ್‌ನ ಭಾಗ್ಯಕ್ಕೆ ತತ್ವಶಾಸ್ತ್ರ ಕಲಿಸುತ್ತಿದ್ದ ನ್ವಾರೋ ಎಂಬ ಗುರುಗಳಿದ್ದರು. ಅವರು ಗದರಿಸಲಿಲ್ಲ. ಹುಡುಗನನ್ನು ಜೊತೆಗೆ ಕರೆದುಕೊಂಡು ಊರ ಹೊರಗೆ ತಿರುಗಾಡಲು ಹೋಗುತ್ತಿದ್ದರು, ಅವನು ಕೇಳಿದ್ದಕ್ಕೆಲ್ಲ ಕಿವಿಗೊಡುತ್ತಿದ್ದರು, ತಿರುಗಿ ತಾವೂ ಪ್ರಶ್ನೆ ಹಾಕುತ್ತಿದ್ದರು. ಬೆಳಕು ಕಂಡರೆ ತನ್ನ ಬದುಕನ್ನು ಸತ್ಯದ ಸೇವೆಗೆ ಕೊಡುತ್ತೇನೆಂದು ಆ ಹುಡುಗ ದೇವರಿಗೆ ಮಾತುಕೊಟ್ಟ. ಬೆಳಕು ಕಂಡಿತು. ಮಾತು ಉಳಿಸಿಕೊಂಡ.

1831ರ ನವೆಂಬರಿನಲ್ಲಿ ಕಾನೂನು ಓದಲು ಫ್ರೆಡರಿಕ್ ಪ್ಯಾರಿಸಿಗೆ ಬಂದರು. ಅವರು ಊರು ಬಿಟ್ಟ ಕೆಲವೇ ದಿನಗಳಲ್ಲಿ ಲಿಯೋನಿನ ರೇಷ್ಮೆ ನೇಕಾರರು ದಂಗೆ ಎದ್ದರು. ಹಗಲಿರುಳು ಮಗ್ಗದ ಮುಂದೆ ಕುಳಿತರೂ ಹೊಟ್ಟೆ ತುಂಬದು. ನೇಯ್ಗೆಗೆ ಒಂದು ಕನಿಷ್ಠ ದರ ನಿಗದಿ ಮಾಡಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು. ವ್ಯಾಪಾರಿಗಳಲ್ಲಿ ಅನೇಕರು ಒಪ್ಪಲಿಲ್ಲ. ಬೀದಿಯಲ್ಲಿ ರಕ್ತ ಹರಿಯಿತು. ನೇಕಾರರು ಪಟ್ಟಣವನ್ನೇ ವಶಪಡಿಸಿಕೊಂಡರು, ಸರಕಾರ ದೊಡ್ಡ ಸೈನ್ಯ ಕಳುಹಿಸಿ ಅದನ್ನು ಹಿಂದಕ್ಕೆ ಪಡೆಯಿತು. 1834ರಲ್ಲಿ ಮತ್ತೆ ಅದೇ ಕಥೆ, ಇನ್ನೂ ಹೆಚ್ಚಿನ ರಕ್ತ. ತಾಯಿಯ ತವರು ರೇಷ್ಮೆಯ ವ್ಯಾಪಾರದ್ದು, ತಂದೆಯ ರೋಗಿಗಳು ಬಡವರು. ಎರಡು ಕಡೆಯ ಮುಖಗಳನ್ನೂ ಬಲ್ಲ ಈ ಯುವಕನಿಗೆ ಆ ಸುದ್ದಿ ಬರೀ ಪತ್ರಿಕೆಯ ಸುದ್ದಿಯಾಗಿರಲಿಲ್ಲ.

ಪ್ಯಾರಿಸಿನಲ್ಲಿ ಅವರಿಗೆ ತಂಗಲು ಕೋಣೆ ಕೊಟ್ಟವರು ಯಾರು ಗೊತ್ತೇ? ವಿದ್ಯುತ್ತನ್ನು ಅಳೆಯುವಾಗ ನಾವು ಇಂದಿಗೂ ಯಾರ ಹೆಸರು ಹೇಳುತ್ತೇವೋ ಆ ವಿಜ್ಞಾನಿ ಆಂಪಿಯರ್. ಅಷ್ಟು ದೊಡ್ಡ ವಿದ್ವಾಂಸರು ಜಪಸರ ಹಿಡಿದು ಪ್ರಾರ್ಥಿಸುವ ಭಕ್ತರೂ ಆಗಿದ್ದರು. ವಿಶ್ವವಿದ್ಯಾಲಯದಲ್ಲಿ ಮಾತ್ರ ಧರ್ಮಸಭೆಯನ್ನು ಹಾಸ್ಯ ಮಾಡುವುದೇ ಫ್ಯಾಶನ್ ಆಗಿತ್ತು. ಓಝಾನಾಮರೂ ಗೆಳೆಯರೂ ಒಂದು ಚರ್ಚಾಕೂಟದಲ್ಲಿ ವಾರವಾರ ವಾದ ಮಾಡುತ್ತಿದ್ದರು. ಧರ್ಮಸಭೆ ಶತಮಾನಗಳ ಕಾಲ ಜನರಿಗೆ ಮಾಡಿದ ಉಪಕಾರಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಿದ್ದರು. ಎದುರಾಳಿ ವಿದ್ಯಾರ್ಥಿಯೊಬ್ಬ ಒಂದು ದಿನ ಎಲ್ಲವನ್ನೂ ಕೇಳಿ, ಹಿಂದಿನದೆಲ್ಲ ಸರಿ, ಇವತ್ತು ನೀವು ಏನು ಮಾಡುತ್ತಿದ್ದೀರಿ ತೋರಿಸಿ ಎಂದು ಕೇಳಿಬಿಟ್ಟ. ವಾದದಲ್ಲಿ ಗೆಲ್ಲುತ್ತಿದ್ದವರಿಗೆ ಉತ್ತರವಿರಲಿಲ್ಲ. ಓಝಾನಾಮರು ಆ ಮಾತಿನಿಂದ ಮುನಿಸಿಕೊಳ್ಳಲಿಲ್ಲ. ಅವನು ಹೇಳಿದ್ದು ನಿಜ ಎಂದು ಒಪ್ಪಿಕೊಂಡರು. ಅವರೂ ಗೆಳೆಯ ಲೆ ತಾಯಾಂದಿಯೇ ಅವರೂ ತಮ್ಮ ಕೋಣೆಯಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತು ಬಡವನೊಬ್ಬನ ಮನೆಗೆ ಕೊಂಡೊಯ್ದರು.

1833ರ ಏಪ್ರಿಲ್ 23ರ ಸಂಜೆ, ಓಝಾನಾಮರ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಆರು ವಿದ್ಯಾರ್ಥಿಗಳು ಒಂದು ಪತ್ರಿಕಾ ಕಚೇರಿಯಲ್ಲಿ ಸೇರಿದರು. ಜೊತೆಗಿದ್ದ ಹಿರಿಯರೆಂದರೆ ಪತ್ರಿಕೆಯ ಇಮ್ಮಾನುವೆಲ್ ಬೈಲಿ ಒಬ್ಬರೇ. ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು. ತೀರ್ಮಾನ ಸರಳವಾಗಿತ್ತು: ಪ್ರತಿಯೊಬ್ಬರೂ ಬಡ ಕುಟುಂಬಗಳನ್ನು ಅವರ ಮನೆಗೇ ಹೋಗಿ ನೋಡಬೇಕು, ವಾರಕ್ಕೊಮ್ಮೆ ಸೇರಿ ಪ್ರಾರ್ಥಿಸಬೇಕು, ಕಂಡದ್ದನ್ನು ಹೇಳಿಕೊಳ್ಳಬೇಕು, ಕೊನೆಯಲ್ಲಿ ಯಾರಿಗೂ ಕಾಣದಂತೆ ತಮ್ಮ ಕೈಲಾದದ್ದನ್ನು ಹಾಕಬೇಕು. ಮುಂದಿನ ವರ್ಷ ಸಂತ ವಿನ್ಸೆಂಟರನ್ನು ಪಾಲಕರನ್ನಾಗಿ ಆರಿಸಿಕೊಂಡರು.

ಒಳ್ಳೆಯ ಮನಸ್ಸಿದ್ದರೆ ಸಾಲದು, ಬಡವರ ಮನೆಯೊಳಗೆ ಹೋಗುವುದನ್ನೂ ಕಲಿಯಬೇಕು. ಕಲಿಸಿದವರು ಸಂತ ವಿನ್ಸೆಂಟರ ಭಗಿನಿಯರ ಸಂಸ್ಥೆಗೆ ಸೇರಿದ ಸಿಸ್ಟರ್ ರೋಸಲಿ ರಂದ್ಯು. ಪ್ಯಾರಿಸಿನ ಮುಫ್ತಾರ್ ಎಂಬ ಬಡ ಬಡಾವಣೆಯ ಗಲ್ಲಿಗಲ್ಲಿಯೂ ಅವರಿಗೆ ಗೊತ್ತಿತ್ತು. ಹುಡುಗರ ಕೈಗೆ ಕುಟುಂಬಗಳ ಪಟ್ಟಿ ಕೊಟ್ಟರು, ರೊಟ್ಟಿಯ ಚೀಟಿಗಳನ್ನು ಕೊಟ್ಟರು. ಮೇಲೆ ಕುಳಿತು ಬುದ್ಧಿ ಹೇಳಬಾರದು, ಬಡವರು ಸಿಡುಕಿದರೆ ಸಹಿಸಿಕೊಳ್ಳಬೇಕು ಎಂದು ಕಲಿಸಿದರು.

ಓಝಾನಾಮರ ಪಾಲಿಗೆ ಬಂದ ಒಂದು ಮನೆಯ ಕಥೆ ನಮ್ಮ ಊರಿನದೇ ಅನ್ನಿಸುತ್ತದೆ. ಐದು ಮಕ್ಕಳ ತಾಯಿ ದುಡಿದು ತಂದದ್ದನ್ನೆಲ್ಲ ಗಂಡ ಕುಡಿದು ಕಳೆಯುತ್ತಿದ್ದ, ಅವಳನ್ನೂ ಮಕ್ಕಳನ್ನೂ ಹೊಡೆಯುತ್ತಿದ್ದ. ರೊಟ್ಟಿಯ ಚೀಟಿಯಿಂದ ತೀರುವ ಕಷ್ಟವೇ ಇದು? ಕಾನೂನು ಓದುತ್ತಿದ್ದ ಓಝಾನಾಮರು ವಿಚಾರಿಸಿ ನೋಡಿದಾಗ ಅವರ ಮದುವೆಯೇ ಕ್ರಮವಾಗಿ ಆಗಿರಲಿಲ್ಲವೆಂದು ತಿಳಿಯಿತು. ಸಹಿಸಿಕೊಂಡಿರಮ್ಮ, ಪ್ರಾರ್ಥಿಸು ಎಂದು ಹೇಳಿ ಅವರು ಮನೆಗೆ ಹೋಗಲಿಲ್ಲ. ಆ ಹೆಂಗಸನ್ನು ಅವನಿಂದ ಬಿಡಿಸಿ, ಹಣ ಕೂಡಿಸಿ, ಸಣ್ಣ ಮಕ್ಕಳೊಂದಿಗೆ ತವರಿನ ಸೀಮೆಗೆ ಕಳುಹಿಸಿದರು. ದೊಡ್ಡ ಹುಡುಗರಿಗೆ ಬೈಲಿಯವರ ಅಚ್ಚುಕೂಟದಲ್ಲಿ ಕೆಲಸ ಕೊಡಿಸಿದರು. ಹೊಡೆತ ನಿಂತಿತು. ಹಿಂಸೆ ಎಂದರೆ ಬರೀ ಬೀದಿಯ ಬಂದೂಕಲ್ಲ ಎಂಬುದು ಅವರಿಗೆ ಇಪ್ಪತ್ತರ ವಯಸ್ಸಿಗೇ ಅರ್ಥವಾಗಿತ್ತು.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾನೂನಿನಲ್ಲಿಯೂ ಸಾಹಿತ್ಯದಲ್ಲಿಯೂ ಡಾಕ್ಟರ್ ಪದವಿ ಪಡೆದರು. ಲಿಯೋನಿನಲ್ಲಿ ವಾಣಿಜ್ಯ ಕಾನೂನು ಕಲಿಸುವಾಗ, ಕೂಲಿ ಎಂದರೆ ದುಡಿಯುವವನ ಊಟಕ್ಕೆ ಮಾತ್ರವಲ್ಲ, ಮಕ್ಕಳ ಓದಿಗೂ ಮುಪ್ಪಿಗೂ ಸಾಕಾಗಬೇಕು ಎಂದು ವಿದ್ಯಾರ್ಥಿಗಳಿಗೆ ಬೋಧಿಸಿದರು. ಕಾರ್ಮಿಕರ ಬಗ್ಗೆ ಜಗದ್ಗುರು ಹದಿಮೂರನೆಯ ಲಿಯೋರವರ ಪ್ರಸಿದ್ಧ ವಿಶ್ವಪತ್ರ ಬಂದದ್ದು 1891ರಲ್ಲಿ. ಅದಕ್ಕಿಂತ ಐವತ್ತು ವರ್ಷ ಮೊದಲಿನ ಮಾತು ಇದು. ಮುಂದೆ ಪ್ಯಾರಿಸಿನ ಸೊರ್ಬೋನಿನಲ್ಲಿ ಪ್ರಾಧ್ಯಾಪಕರಾದರು. 1841ರ ಜೂನ್ 23ರಂದು ಅಮೇಲಿ ಎಂಬ ಕನ್ಯೆಯನ್ನು ಮದುವೆಯಾದರು. ಅವರು ತಮ್ಮ ಸಂಸ್ಥೆಗೆ ಸೇರಿ ಗುರುಗಳಾಗುತ್ತಾರೆಂದು ಆಸೆ ಇಟ್ಟುಕೊಂಡಿದ್ದ ಡೊಮಿನಿಕನ್ ಗುರು ಲಕೋರ್ಡೇರರಿಗೆ ಇದರಿಂದ ಸ್ವಲ್ಪ ಬೇಸರವಾಯಿತಂತೆ! ಅಂದಿನಿಂದ ಪ್ರತಿ ತಿಂಗಳ 23ನೆಯ ತಾರೀಖು ತಪ್ಪದೆ ಹೆಂಡತಿಗೆ ಹೂವು ಕೊಡುತ್ತಿದ್ದರು. ಗಂಡಂದಿರು ಗಮನಿಸಬೇಕು. 1845ರಲ್ಲಿ ಮಗಳು ಮರೀ ಹುಟ್ಟಿದಳು.

ಒಂದು ಹೊಸ ವರ್ಷದ ದಿನ, ಬಡ ಕುಟುಂಬವೊಂದು ಒತ್ತೆ ಇಟ್ಟಿದ್ದ ಮರದ ಬೀರುವನ್ನು ಬಿಡಿಸಿಕೊಡಬೇಕೆಂದು ಓಝಾನಾಮರಿಗೆ ಮನಸ್ಸಾಯಿತು. ಅಮೇಲಿಯವರು ಲೆಕ್ಕ ಹಾಕಿ, ಈಗ ಬೇಡ ಎಂದರು. ಅವರೂ ಒಪ್ಪಿದರು. ಸಂಜೆ ಮಗಳ ಮುಂದೆ ಹರಡಿದ್ದ ಉಡುಗೊರೆಯ ಆಟಿಕೆಗಳನ್ನು ನೋಡುತ್ತಾ ಸಪ್ಪೆಯಾಗಿ ಕುಳಿತರು. ಸಿಹಿ ಕೊಟ್ಟರೆ ತಿನ್ನಲಿಲ್ಲ. ಹೆಂಡತಿಗೆ ಅರ್ಥವಾಯಿತು. ಹೋಗಿ ಬನ್ನಿ ಎಂದರು. ಬೀರು ಬಿಡಿಸಿ, ಆ ಮನೆಗೆ ಮುಟ್ಟಿಸಿ, ನಗುನಗುತ್ತಾ ಹಿಂದಿರುಗಿದರು.

ಇನ್ನು ಅವರ ಬದುಕಿನ ಅತಿ ಕಷ್ಟದ ದಿನಕ್ಕೆ ಬರೋಣ. 1848ರ ಫೆಬ್ರವರಿಯಲ್ಲಿ ಫ್ರಾನ್ಸಿನ ರಾಜ ಓಡಿಹೋಗಿ ಗಣರಾಜ್ಯ ಬಂತು. ಕೆಲಸವಿಲ್ಲದವರಿಗಾಗಿ ಹೊಸ ಸರಕಾರ ತೆರೆದಿದ್ದ ಕಾಮಗಾರಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಜೂನ್ ತಿಂಗಳಲ್ಲಿ ಅವುಗಳನ್ನು ಮುಚ್ಚುವ ತೀರ್ಮಾನವಾಯಿತು. 23ರಂದು ಬಡವರ ಬಡಾವಣೆಗಳಲ್ಲಿ ಕಲ್ಲು, ಗಾಡಿ, ಮನೆಯ ಸಾಮಾನುಗಳನ್ನು ಪೇರಿಸಿ ಬೀದಿಗಳಿಗೆ ಅಡ್ಡಗೋಡೆ ಕಟ್ಟಿದರು. ಸೈನ್ಯ ಫಿರಂಗಿ ತಂದಿತು. ನಾಲ್ಕು ದಿನ ಕಾಳಗ, ಸಾವಿರಾರು ಸಾವು. ಓಝಾನಾಮರು ನಾಗರಿಕರ ಕಾವಲುಪಡೆಯಲ್ಲಿದ್ದರು. ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು ಬೀದಿಯ ಮೂಲೆಯಲ್ಲಿ ನಿಲ್ಲಬೇಕಾಯಿತು. ಯೋಚಿಸಿ ನೋಡಿ: ಹದಿನೈದು ವರ್ಷ ಯಾರ ಮನೆಯ ಮೆಟ್ಟಿಲು ಹತ್ತಿದ್ದರೋ ಅಂಥವರೇ ಅಡ್ಡಗೋಡೆಯ ಆ ಕಡೆ. ಈ ಕಡೆ, ಬಂದೂಕಿನೊಂದಿಗೆ, ಅವರು. ಸಂತರ ಕಥೆಗಳಲ್ಲಿ ಇಂಥ ಇಕ್ಕಟ್ಟನ್ನು ನಾವು ಮರೆಮಾಚುತ್ತೇವೆ. ಮರೆಮಾಚಬಾರದು.

25ರ ಭಾನುವಾರ ಅವರು, ಬೈಲಿ, ಕೊರ್ನ್ಯುದೆ ಎಂಬ ಇನ್ನೊಬ್ಬ ಗೆಳೆಯ, ಮೂವರೂ ಮಹಾಧರ್ಮಾಧ್ಯಕ್ಷ ದೆನಿ ಆಫ್ರ್ ಅವರ ಬಳಿಗೆ ಹೋದರು. ಎರಡು ಕಡೆಯವರ ನಡುವೆ ಹೋಗಿ ನಿಲ್ಲಬಲ್ಲವರು ಈಗ ತಾವೊಬ್ಬರೇ ಎಂದು ಬಿನ್ನವಿಸಿಕೊಂಡರು. ಮಹಾಧರ್ಮಾಧ್ಯಕ್ಷರ ಮನಸ್ಸಿನಲ್ಲೂ ಅದೇ ಇತ್ತು. ಅವರು ಸೇನಾಪತಿ ಕವೆನ್ಯಾಕರನ್ನು ಕಂಡರು. ಅಪಾಯವಿದೆಯೆಂದು ಸೇನಾಪತಿ ಎಚ್ಚರಿಸಿದರೂ ಕೇಳಲಿಲ್ಲ. ಜೊತೆಗೆ ಬರುತ್ತೇವೆಂದ ಓಝಾನಾಮರನ್ನೂ ಗೆಳೆಯರನ್ನೂ ತಡೆದರು. ಶಾಂತಿಯ ಮಾತಿಗೆ ಹೋಗುವವರ ಪಕ್ಕದಲ್ಲಿ ಸಮವಸ್ತ್ರ ಕಾಣಿಸಬಾರದಾಗಿತ್ತು. ಸಂಜೆ ಬಾಸ್ತೀಯ್ ಚೌಕದಲ್ಲಿ ಗುಂಡಿನ ಸದ್ದು ನಿಂತಿತು. ಎದೆಯ ಮೇಲೆ ಶಿಲುಬೆ ಧರಿಸಿದ್ದ ಮಹಾಧರ್ಮಾಧ್ಯಕ್ಷರು ಅಡ್ಡಗೋಡೆ ದಾಟಿ ಬಂಡಾಯಗಾರರ ನಡುವೆ ನಿಂತರು. ಅಷ್ಟರಲ್ಲಿ ಎಲ್ಲೋ ಒಂದು ಗುಂಡು ಹಾರಿತು, ಮತ್ತೆ ಎರಡು ಕಡೆಯಿಂದಲೂ ಗುಂಡಿನ ಮಳೆ. ಅವರು ಕುಸಿದರು. ಅವರನ್ನು ಎತ್ತಿ ಹತ್ತಿರದ ಗುರುನಿವಾಸಕ್ಕೆ ಹೊತ್ತೊಯ್ದವರು ಬಂಡಾಯಗಾರರೇ. ತನ್ನ ರಕ್ತವೇ ಕೊನೆಯದಾಗಲಿ ಎಂದು ಹಾರೈಸುತ್ತಾ 27ರಂದು ಪ್ರಾಣಬಿಟ್ಟರು.

ಆ ರಾತ್ರಿ ಓಝಾನಾಮರ ಎದೆಯಲ್ಲಿ ಏನಿತ್ತೋ! ನಾವಾಗಿ ಹೋಗಿ ಕೇಳದಿದ್ದರೆ ಅವರು ಬದುಕಿರುತ್ತಿದ್ದರಲ್ಲ ಎಂಬ ಯೋಚನೆ ಬಾರದ ಮನುಷ್ಯನಿರಲಾರ. ಹದಿನೈದು ವರ್ಷದ ಮನೆಭೇಟಿಗಳು ಆ ನಾಲ್ಕು ದಿನಗಳನ್ನು ತಡೆಯಲಿಲ್ಲ. ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಪ್ಯಾರಿಸಿನ ಉಳ್ಳವರು ಹಾಗೆಯೇ ಮಾಡಿದರು. ದಂಗೆ ಅಡಗಿತು, ಅಪಾಯ ಕಳೆಯಿತು ಎಂದು ನಿಟ್ಟುಸಿರು ಬಿಟ್ಟರು. ಓಝಾನಾಮರ ಸಂಗಡಿಗರು ಮಾತ್ರ ಸೋತ ಬಡಾವಣೆಗಳಿಗೇ ಮರಳಿ ಹೋದರು. ಸರಕಾರ ಕೊಟ್ಟ ಪರಿಹಾರವನ್ನು ಮನೆಮನೆಗೆ ಹಂಚಿದವರು ಅವರೇ, ಏಕೆಂದರೆ ಆ ಮೆಟ್ಟಿಲುಗಳನ್ನು ಬಲ್ಲವರು ಅವರು. ಓಝಾನಾಮರು ಕಣ್ಣಾರೆ ಕಂಡದ್ದನ್ನು ಪತ್ರಿಕೆಯಲ್ಲಿ ಬರೆದರು: ದಂಗೆಯನ್ನು ಸೋಲಿಸಿದ್ದೀರಿ, ಅದನ್ನು ಹುಟ್ಟಿಸಿದ ದಾರಿದ್ರ್ಯವನ್ನು ಸೋಲಿಸಿಲ್ಲ ಎಂಬುದು ಅದರ ಸಾರ. ಗುರುಗಳನ್ನೂ ಶ್ರೀಮಂತರನ್ನೂ ಶಾಸಕರನ್ನೂ ಬಿಡದೆ ಎಚ್ಚರಿಸಿದರು. ಕಥೋಲಿಕರಲ್ಲೇ ಹಲವರು ಸಿಟ್ಟಾದರು, ಪತ್ರಿಕೆ ಮರುವರ್ಷ ನಿಂತುಹೋಯಿತು. 1849ರಲ್ಲಿ ಕಾಲರಾ ಬಂದಾಗ ಸಭೆಯ ಸದಸ್ಯರು ಅದೇ ಗಲ್ಲಿಗಳಲ್ಲಿ ರೋಗಿಗಳ ಆರೈಕೆ ಮಾಡಿದರು.

ಮೂತ್ರಪಿಂಡದ ಕಾಯಿಲೆ ಅವರನ್ನು ಹಣ್ಣು ಮಾಡಿತು. ಹವೆ ಬದಲಿಸಲೆಂದು ಇಟಲಿಯ ಕಡಲತೀರಕ್ಕೆ ಹೋದರು. ಅಲ್ಲಿ 1853ರ ಆಗಸ್ಟ್ 23ರಂದು, ನಡೆಯಲು ಶಕ್ತಿಯಿಲ್ಲದಿದ್ದರೂ, ಅಮೇಲಿಯವರಿಗೆ ಹೂಗಿಡದ ಒಂದು ರೆಂಬೆಯನ್ನು ತರಿಸಿಕೊಟ್ಟರು. ಹಿಂದಿರುಗುವ ದಾರಿಯಲ್ಲಿ ಮಾರ್ಸೇಲ್ ಪಟ್ಟಣದಲ್ಲಿ, ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ ತೀರಿಕೊಂಡರು. ವಯಸ್ಸು ನಲವತ್ತು.

1997ರ ಆಗಸ್ಟ್ 22ರಂದು, ವಿಶ್ವ ಯುವಜನ ದಿನಕ್ಕಾಗಿ ಲೋಕದ ಯುವಕ ಯುವತಿಯರೆಲ್ಲ ಪ್ಯಾರಿಸಿನಲ್ಲಿ ಸೇರಿದ್ದಾಗ, ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದು ಘೋಷಿಸಿದರು. ಸಿಸ್ಟರ್ ರೋಸಲಿಯವರಿಗೂ 2003ರಲ್ಲಿ ಆ ಪದವಿ ದೊರೆಯಿತು. ಓಝಾನಾಮರ ಸಮಾಧಿ ಇರುವುದು ಪ್ಯಾರಿಸಿನಲ್ಲಿ, ಕಾರ್ಮೆಲ್ ಸಭೆಯವರದಾಗಿದ್ದ ಸಂತ ಜೋಸೆಫರ ದೇವಾಲಯದ ನೆಲಮಾಳಿಗೆಯಲ್ಲಿ. 1792ರ ಸೆಪ್ಟೆಂಬರಿನಲ್ಲಿ ಕ್ರಾಂತಿಕಾರರ ಕೈಯಲ್ಲಿ ಅಲ್ಲಿಯೇ ಹತರಾದ ಗುರುಗಳ ಅಸ್ಥಿಗಳೂ ಅದೇ ನೆಲಮಾಳಿಗೆಯಲ್ಲಿವೆ. ಅದರ ಪಕ್ಕದಲ್ಲೇ ಇರುವುದು ಕಥೋಲಿಕ ವಿದ್ಯಾಸಂಸ್ಥೆ. ಬೆಳಿಗ್ಗೆ ಸಂಜೆ ಪುಸ್ತಕ ಹಿಡಿದ ಇಪ್ಪತ್ತರ ಹುಡುಗ ಹುಡುಗಿಯರು ಆ ಅಂಗಳದಲ್ಲಿ ಓಡಾಡುತ್ತಿರುತ್ತಾರೆ.