ಆಕಾಶವಾಣಿಯ ಗೋಪಾಲಸ್ವಾಮಿಯವರು

ಪೇಟೆಗೆ ಹೊಸ ಮೊಬೈಲು ಬಂದಿತೆಂದರೆ ಅದರ ಗುಣದೋಷಗಳನ್ನು ನನ್ನಲ್ಲಿ ವಿಚಾರಿಸುವುದು ನಮ್ಮ ತರಗತಿಯವರ ವಾಡಿಕೆ. ಲ್ಯಾಪ್‌ಟಾಪು, ಕೈಗಡಿಯಾರ, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನು, ಇವುಗಳ ಸುದ್ದಿಯನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದುವವನು ನಾನು. ಆದ್ದರಿಂದ ವಾರ್ಷಿಕ ಸಂಚಿಕೆಗೆ ನಾನು ಇಂಥ ಯಂತ್ರಗಳ ಮೇಲೆಯೇ ಲೇಖನ ಬರೆಯುವೆನೆಂದು ಮಿತ್ರರೆಲ್ಲ ತಿಳಿದಿದ್ದರು. ನಾನೂ ಹಾಗೆಯೇ ಆರಂಭಿಸಿದೆನು. ಎರಡು ಪುಟ ಬರೆದ ಮೇಲೆ, ಸಂಚಿಕೆ ಅಚ್ಚಾಗಿ ಕೈಸೇರುವ ಹೊತ್ತಿಗೆ ಇದೆಲ್ಲ ಹಳಸಿದ ಅನ್ನವಾಗಿರುತ್ತದೆ ಎನ್ನಿಸಿತು. ಹರಿದು ಹಾಕಿ, ಯಂತ್ರದ ಮೋಹದಲ್ಲಿ ನನಗೆ ಹಿರಿಯಣ್ಣನಂತಿದ್ದ ಒಬ್ಬ ಪ್ರಾಧ್ಯಾಪಕರ ವಿಷಯವನ್ನು ಬರೆಯತೊಡಗಿದೆನು. ಅವರೇ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು.

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯನ್ನು ಗಣಿತದಿಂದ ಅಳೆಯಲು ಹೊರಟಿದ್ದ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಪಂಡಿತರ ಬಳಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬ್ರಜೇಂದ್ರನಾಥ ಸೀಲರು ಕುಲಪತಿಗಳು. ಕಲ್ಕತ್ತೆಯ ಅನಂತರ ಮನಶ್ಶಾಸ್ತ್ರವನ್ನು ಪ್ರತ್ಯೇಕ ವಿಭಾಗವಾಗಿ ಕಲಿಸಲಾರಂಭಿಸಿದ್ದು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಅದನ್ನು ಕಟ್ಟುವ ಹೊಣೆ ಗೋಪಾಲಸ್ವಾಮಿಯವರ ಪಾಲಿಗೆ ಬಂದಿತು.

ಅವರ ಸಂಶೋಧನೆಯ ಒಂದು ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ಅವರ ಮನಸ್ಸಿನ ಒಲವನ್ನು ತೋರಿಸುತ್ತದೆ. ಕಾಗದದ ಮೇಲೆ ಜೋಡಿಗೆರೆಯ ಒಂದು ನಕ್ಷತ್ರ. ಅದು ನೇರವಾಗಿ ಕಾಣದಂತೆ ನಡುವೆ ಒಂದು ಮರೆ. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಕಾಣುವುದನ್ನು ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲನ್ನು ನಡೆಸಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಗೆರೆ ದಾಟಿತು ಎಂದು ಲೆಕ್ಕವಿಡುವುದು. ನಾನು ಮನೆಯಲ್ಲಿ ಅಪ್ಪ ಗಡ್ಡ ಹೆರೆಯುವ ಕನ್ನಡಿಯನ್ನಿಟ್ಟು ಮಾಡಿ ನೋಡಿದೆನು. ಮುಂದಕ್ಕೆ ಎಂದರೆ ಕೈ ಹಿಂದಕ್ಕೆ ಹೋಗುತ್ತದೆ. ಮೂಲೆ ಬಂದೊಡನೆ ಪೆನ್ಸಿಲು ಗಾಣದೆತ್ತಿನಂತೆ ನಿಂತಲ್ಲೇ ಸುತ್ತುತ್ತದೆ. ಐದಾರು ಸಲವಾದ ಮೇಲೆ ಕೈಗೆ ತಾನಾಗಿಯೇ ದಾರಿ ತಿಳಿಯುತ್ತದೆ. ಇಂಥ ಕೈಕಲಿಕೆಯಲ್ಲಿ ಬುದ್ಧಿಯ ಪಾತ್ರವೇನು ಎಂಬುದನ್ನು ಕುರಿತು ಅವರು ಬರೆದ ಪ್ರಬಂಧ 1924ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸ ಸಾಧನವೊಂದು ಎದುರಾದಾಗ ಮನುಷ್ಯ ಹೇಗೆ ತಡವರಿಸುತ್ತಾನೆ, ಹೇಗೆ ಪಳಗುತ್ತಾನೆ ಎಂಬ ಕುತೂಹಲವುಳ್ಳವರ ಕೈಗೆ ರೇಡಿಯೋ ಸಿಕ್ಕಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆ ಕಾಲದ ರೇಡಿಯೋ ಸ್ಥಿತಿಯನ್ನು ನೆನೆಯಬೇಕು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಕಂಪನಿ ಮೂರೇ ವರ್ಷಗಳಲ್ಲಿ ದಿವಾಳಿಯಾಗಿ, ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು. ರೇಡಿಯೋ ಪೆಟ್ಟಿಗೆಯೆಂದರೆ ಸಿರಿವಂತರ ನಡುಮನೆಯ ಅಲಂಕಾರ. ಬ್ರಿಟಿಷ್ ಇಂಡಿಯಾದಲ್ಲಿ ಅದನ್ನಿಟ್ಟುಕೊಳ್ಳಲು ವರ್ಷಕ್ಕೆ 10 ರೂಪಾಯಿ ಲೈಸೆನ್ಸು ಬೇರೆ. ಕೊಂಡವರು ದೂರದ ಊರುಗಳ ಸಂಗೀತ, ಸುದ್ದಿ ಕೇಳಿ, ತಮ್ಮ ಪೆಟ್ಟಿಗೆ ಎಷ್ಟು ದೂರದ ನಿಲಯವನ್ನು ಹಿಡಿಯುತ್ತದೆಂದು ನೆರೆಯವರಿಗೆ ಹೇಳಿಕೊಳ್ಳುತ್ತಿದ್ದಿರಬೇಕು. ನಾವು ಇಂದು ಕ್ಯಾಮೆರಾದ ಮೆಗಾಪಿಕ್ಸೆಲುಗಳನ್ನು ಹೇಳಿಕೊಳ್ಳುವುದಿಲ್ಲವೇ, ಹಾಗೆ. ಗೋಪಾಲಸ್ವಾಮಿಯವರೂ ಅಷ್ಟಕ್ಕೇ ತೃಪ್ತರಾಗಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅವರು ಕೇಳುವ ಪೆಟ್ಟಿಗೆಯನ್ನು ಬಿಟ್ಟು ಹೇಳುವ ಯಂತ್ರದ ಬೆನ್ನು ಹತ್ತಿದರು. 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ, 30 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಆರಂಭಿಸಿಬಿಟ್ಟರು.

ಈ 30 ವ್ಯಾಟ್ ಎಂಬ ಸಂಖ್ಯೆಯನ್ನು ಓದಿದಾಗ ನಾನು ನಕ್ಕೆನು. ನನ್ನ ಗೆಳೆಯನ ಮೊಬೈಲಿನ ಚಾರ್ಜರೇ 33 ವ್ಯಾಟಿನದು! ಚಾರ್ಜರಿನ ವ್ಯಾಟಿಗೂ ಆಂಟೆನಾದಿಂದ ಹೊರಡುವ ವ್ಯಾಟಿಗೂ ಹೋಲಿಕೆ ಸರಿಯಲ್ಲವೆಂದು ಭೌತಶಾಸ್ತ್ರದ ಅಧ್ಯಾಪಕರು ಗದರಿಸಬಹುದು, ಆದರೂ ಹೇಳುತ್ತೇನೆ. ನಮ್ಮ ಮನೆಯ ಸೀಲಿಂಗ್ ಫ್ಯಾನು ತಿರುಗಲು ಬೇಕಾಗುವಷ್ಟು ಶಕ್ತಿಯೂ ಇಲ್ಲದ ಯಂತ್ರವೊಂದರಿಂದ ಸಂಗೀತ, ಭಾಷಣ, ಕವಿತೆಗಳು ಮನೆಯ ಗೋಡೆ ದಾಟಿ ಊರಿನ ಮೇಲೆ ಹರಡಿದವು. ಆರಂಭದ ಪ್ರಸಾರದಲ್ಲಿ ಕುವೆಂಪು ಅವರು ಕವನ ಓದಿದರೆಂದು ಹೇಳುತ್ತಾರೆ. ಅನಂತರ ಬಂದದ್ದು 250 ವ್ಯಾಟಿನ ಯಂತ್ರ. ಅದೂ ದೊಡ್ಡದೇನಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಟ್ರಾನ್ಸ್‌ಮಿಟರನ್ನು ದುಡ್ಡು ಕೊಟ್ಟು ತರಿಸಬಹುದು. ದಿನ ಬೆಳಗಾದರೆ ಅದಕ್ಕೆ ಮಾತು ಒದಗಿಸುವುದೆಂದರೆ ಹತ್ತು ಮಕ್ಕಳ ಮನೆಗೆ ಹಿಟ್ಟು ಹೊಂದಿಸಿದಂತೆ. ಇವತ್ತು ಹಾಡುವವರು ಯಾರು, ನಾಳೆ ಮಾತನಾಡುವವರು ಯಾರು, ಒಪ್ಪಿಕೊಂಡ ವಿದ್ವಾಂಸರು ಬಾರದಿದ್ದರೆ ಗತಿಯೇನು? ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಇದನ್ನು ಅವರು ಸುಮಾರು ಆರು ವರ್ಷ ನಡೆಸಿದರು. ಮೈಸೂರಿನ ಪೌರಸಭೆಯೂ ನೆರವಾಯಿತು.

ನಿಲಯಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಹೆಸರಿಟ್ಟವರು ನಾ. ಕಸ್ತೂರಿಯವರೆಂಬುದು ಬಹಳ ಮಂದಿಯ ಮಾತು. ಗೋಪಾಲಸ್ವಾಮಿಯವರೇ ಎನ್ನುವವರೂ ಉಂಟು. ಕಸ್ತೂರಿಯವರು ಮಹಾರಾಜಾ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕರು, ಈ ನಿಲಯದಲ್ಲಿಯೂ ದುಡಿದವರು. ಮಲಯಾಳ ಮನೆಮಾತಿನವರಾಗಿದ್ದೂ ಕನ್ನಡಿಗರನ್ನು ನಗಿಸಿದ ಹಾಸ್ಯಗಾರರು. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಬಲ್ಲ ನಮ್ಮ ಹಳ್ಳಿಯವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂದಿನ ಕಂಪನಿಗಳು ತಮ್ಮ ಯಂತ್ರಗಳಿಗೆ ಇಡುವ ಅಂಕಿ ಅಕ್ಷರಗಳ ಹೆಸರುಗಳನ್ನು ನೋಡಿದರೆ, ಒಬ್ಬ ಚರಿತ್ರೆಯ ಮೇಷ್ಟರನ್ನು ಅವರೂ ನೇಮಿಸಿಕೊಳ್ಳಬಾರದೇ ಎನ್ನಿಸುತ್ತದೆ.

ಇನ್ನು ಈ ಜೀವನ ಕಥೆ ನನ್ನನ್ನು ಚುಚ್ಚಿದ್ದು ಏಕೆಂದು ಹೇಳಿಬಿಡಬೇಕು. ಕುದೂರಿನಲ್ಲಿ ನಮ್ಮ ಬೀದಿಯ ತಾತ ಒಬ್ಬರಿಗೆ ಭೈರವನದುರ್ಗದ ಕಥೆಗಳು, ಸುತ್ತಲಿನ ಕೆರೆ ಕಟ್ಟೆಗಳ ಹಳೆಯ ಹೆಸರುಗಳು, ಯಾವ ತೂಬಿನ ನೀರು ಯಾವ ಗದ್ದೆಗೆ ಹರಿಯುತ್ತಿತ್ತೆಂಬುದು, ಎಲ್ಲವೂ ಬಾಯಲ್ಲೇ ಇದ್ದವು. ಅವನ್ನು ಧ್ವನಿಮುದ್ರಣ ಮಾಡಬೇಕೆಂದು ನನಗೆ ಆಸೆಯಾಯಿತು. ಆದರೆ ನನ್ನ ಮೊಬೈಲಿನ ಮೈಕು ಸಾಲದೆನ್ನಿಸಿತು. ಒಳ್ಳೆಯ ಮೈಕು ಯಾವುದೆಂದು ಎಂಟು ತಿಂಗಳು ಹೋಲಿಸಿ ನೋಡಿದೆನು. ಬೆಲೆ ಇಳಿಯಲೆಂದು ಕಾದೆನು. ತಾತ ಎರಡು ಸಲ ತಾವಾಗಿಯೇ ಕೇಳಿದರು: ಯಾವಾಗ ಬರುತ್ತೀಯಪ್ಪಾ ಎಂದು. ಮೈಕು ಬಂದಿತು. ಅದಕ್ಕೆ ಹದಿನೈದು ದಿನ ಮೊದಲು ಅವರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಈಗಲೂ ಜಗುಲಿಯ ಮೇಲೆ ಕುಳಿತಿರುತ್ತಾರೆ. ನನ್ನನ್ನು ಕಂಡರೆ ಕೈ ಎತ್ತುತ್ತಾರೆ. ನಾನು ಆ ದಾರಿಯಲ್ಲಿ ಹೋಗುವುದನ್ನು ಆದಷ್ಟು ತಪ್ಪಿಸುತ್ತೇನೆ.

ಗೋಪಾಲಸ್ವಾಮಿಯವರ ನಿಲಯವನ್ನು 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತ ಸಂಸ್ಥೆಗೆ ಸೇರಿತು. 1955ರಲ್ಲಿ ಪ್ರಸಾರ ಬೆಂಗಳೂರಿಗೆ ಹೋಗಿ ಮೈಸೂರು ಮೌನವಾಯಿತು. ಗೋಪಾಲಸ್ವಾಮಿಯವರು ತೀರಿಕೊಂಡದ್ದು 1957ರಲ್ಲಿ. ಆ ವೇಳೆಗೆ ಇಡೀ ದೇಶದ ರೇಡಿಯೋ ಆಕಾಶವಾಣಿಯೆಂದು ಕರೆಸಿಕೊಳ್ಳುತ್ತಿತ್ತು. ಆದರೆ ಆ ಹೆಸರು ಮೊದಲು ಕೇಳಿಬಂದ ಊರಿನಲ್ಲಿ ನಿಲಯವಿರಲಿಲ್ಲ. 1974ರಲ್ಲಿ ಅಲ್ಲಿ ಮತ್ತೆ ಪ್ರಸಾರ ಮೊದಲಾದುದನ್ನು ನೋಡಲು ಅವರು ಇರಲಿಲ್ಲ.

ಈಗ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿ ದೊರೆಯುತ್ತದೆ. 2002ರಿಂದಲೇ ಅದಕ್ಕೆ ನಿಯಮವಿದೆ. ಪ್ರಸಾರಶಕ್ತಿಯ ಮಿತಿ 100 ವ್ಯಾಟ್. ನಮ್ಮ ಪ್ರಾಂಶುಪಾಲರ ಮುಂದೆ ಈ ಮಾತನ್ನು ಎತ್ತಲು ನನಗಿನ್ನೂ ಧೈರ್ಯ ಬಂದಿಲ್ಲ. ಸದ್ಯಕ್ಕೆ ಹಳೆಯ ಮೊಬೈಲಿನಲ್ಲಿಯೇ ಊರಿನ ಮೂವರು ಹಿರಿಯರ ಮಾತನ್ನು ಹಿಡಿದಿದ್ದೇನೆ. ಒಂದರಲ್ಲಿ ನಡುವೆ ಕೋಳಿ ಕೂಗುತ್ತದೆ, ಇನ್ನೊಂದರಲ್ಲಿ ಬಸ್ಸು ಹೋಗುತ್ತದೆ. ಮಾತು ಮಾತ್ರ ತಿಳಿಯುತ್ತದೆ. ಕೆರೆಗಳ ಹೆಸರು ಬಲ್ಲವರು ನಿಮ್ಮ ನಿಮ್ಮ ಊರುಗಳಲ್ಲಿದ್ದರೆ ದಯವಿಟ್ಟು ನನಗೆ ತಿಳಿಸಿರಿ. ಭಾನುವಾರಗಳಲ್ಲಿ ನನಗೆ ಬಿಡುವಿರುತ್ತದೆ.