ರಾಜ್ಯ ಗೆದ್ದ ಪಕ್ಷ, ಹೊಸದುರ್ಗದಲ್ಲಿ ಸೋತ ನಾಯಕ: ಟಿಕೆಟ್ ರಾಜಕಾರಣ ಮತ್ತು ನಿಜಲಿಂಗಪ್ಪ

ಚಿತ್ರದುರ್ಗ: 1962ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ ಪಾಲಾದವು. ಸರ್ಕಾರ ಯಾರದ್ದು ಅನ್ನೋ ಪ್ರಶ್ನೆಯೇ ಇರಲಿಲ್ಲ. ಆದರೆ ಮುಖ್ಯಮಂತ್ರಿ ಆಗಬೇಕಿದ್ದ ಎಸ್. ನಿಜಲಿಂಗಪ್ಪ ಅವರೇ ಹೊಸದುರ್ಗದಲ್ಲಿ ಸೋತುಬಿಟ್ಟಿದ್ದರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ.

ಒಂದೇ ಪಕ್ಷ ಬಲವಾಗಿರುವ ಕಡೆ ಟಿಕೆಟ್ ಸಿಕ್ಕರೆ ಅರ್ಧ ಗೆದ್ದಂತೆ ಅಂತಾರೆ. ಆ ಮಾತು ಎಷ್ಟು ನಿಜ, ಎಲ್ಲಿ ಸುಳ್ಳಾಗುತ್ತೆ ಅನ್ನೋದನ್ನು ತಿಳಿಯಲು ನಿಜಲಿಂಗಪ್ಪನವರ ಬದುಕನ್ನು ನೋಡಿದರೆ ಸಾಕು.

1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಹುಟ್ಟಿದ ಅವರು ದಾವಣಗೆರೆ, ಚಿತ್ರದುರ್ಗದಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಪದವಿ ಪಡೆದರು. ಚಿತ್ರದುರ್ಗದಲ್ಲಿ ವಕೀಲಿಕೆ ಶುರು ಮಾಡಿದರು. 1939ರಲ್ಲಿ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಮುಂದೆ ನಿಂತು ಜೈಲಿಗೂ ಹೋದರು. ಕಾಂಗ್ರೆಸ್ ಸ್ವಯಂಸೇವಕನಾಗಿ ಶುರು ಮಾಡಿದವರು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿಬಂದರು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಆ ಕಾಲದಲ್ಲಿ ಕಾಂಗ್ರೆಸ್ ಟಿಕೆಟ್ ಅಂದ್ರೆ ಅದೇ ಒಂದು ಚುನಾವಣೆ. ಆಕಾಂಕ್ಷಿಗಳ ಹೆಸರು ಜಿಲ್ಲಾ ಕಾಂಗ್ರೆಸ್ ಸಮಿತಿಯಿಂದ ಪ್ರದೇಶ ಚುನಾವಣಾ ಸಮಿತಿಗೆ, ಅಲ್ಲಿಂದ ದೆಹಲಿಯ ಕೇಂದ್ರ ಚುನಾವಣಾ ಸಮಿತಿಗೆ ಹೋಗುತ್ತಿತ್ತು. ಜಾತಿ ಲೆಕ್ಕ, ಗುಂಪು ಲೆಕ್ಕ, ಶಿಫಾರಸು ಎಲ್ಲ ಅಲ್ಲೇ ಮುಗಿಯುತ್ತಿತ್ತು. ಟಿಕೆಟ್ ತಪ್ಪಿದವರು ಮುನಿಸಿಕೊಂಡು ಪಕ್ಷೇತರರಾಗಿ ನಿಲ್ಲೋದೂ ಇತ್ತು. ಜನರ ಕೈಗೆ ಮತಪತ್ರ ಬರುವ ಹೊತ್ತಿಗೆ ಮುಖ್ಯ ಆಯ್ಕೆ ಮುಗಿದಿರುತ್ತಿತ್ತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಹೀಗೇ ಇತ್ತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ದರ್ಬಾರು. ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೇ ಮತದಾನ ನಡೆಯುತ್ತಿತ್ತು. ಅದಕ್ಕೆ ಪ್ರೈಮರಿ ಅಂತಾರೆ. ಅದರಲ್ಲಿ ಗೆದ್ದವರೇ ಕೊನೆಗೂ ಗೆಲ್ಲುತ್ತಿದ್ದರು. ಟೆಕ್ಸಾಸ್‌ನಲ್ಲಿ ಕಪ್ಪು ಜನರನ್ನು ಆ ಮತದಾನದಿಂದಲೇ ಹೊರಗಿಟ್ಟಿದ್ದರು. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅಂದಿತು. ಒಳಗಿನ ಆಯ್ಕೆಯಲ್ಲಿ ಮಾತಿಲ್ಲದವನ ಹೊರಗಿನ ಓಟಿಗೆ ಬೆಲೆ ಕಡಿಮೆ. ನಮ್ಮಲ್ಲಿ ಪಕ್ಷದ ಸಾಮಾನ್ಯ ಸದಸ್ಯನಿಗೆ ಆ ಒಳಮತವೂ ಇರಲಿಲ್ಲ.

ಒಳಗಿನ ಆಟದ ಬಿಸಿ ನಿಜಲಿಂಗಪ್ಪನವರಿಗೂ ತಟ್ಟಿತು. 1957ರಲ್ಲಿ ಕಾಂಗ್ರೆಸ್ 208ರಲ್ಲಿ 150 ಸ್ಥಾನ ಗೆದ್ದಿತ್ತು, ಅವರೂ ಮೊಳಕಾಲ್ಮುರಿನಿಂದ ಗೆದ್ದಿದ್ದರು. ಆದರೂ ಮರುವರ್ಷವೇ ಸ್ವಪಕ್ಷದ ಭಿನ್ನಮತಕ್ಕೆ ಕುರ್ಚಿ ಬಿಡಬೇಕಾಯಿತು. ಬಿ.ಡಿ. ಜತ್ತಿ ಮುಖ್ಯಮಂತ್ರಿಯಾದರು. ವಿರೋಧ ಪಕ್ಷಕ್ಕೆ ಆಗದ್ದನ್ನು ಸ್ವಂತ ಶಾಸಕರು ಮಾಡಿದ್ದರು.

1962ರಲ್ಲಿ ಆಗಿದ್ದು ಉಲ್ಟಾ. ಪಕ್ಷ ಅವರ ಕೈಯಲ್ಲಿತ್ತು, ಹೊಸದುರ್ಗದ ಮತದಾರ ಇರಲಿಲ್ಲ. ಆದರೂ ಪಕ್ಷ ದಾರಿ ಹುಡುಕಿತು. ಎಸ್.ಆರ್. ಕಂಠಿ ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯ ಬಿ.ಟಿ. ಮುರನಾಳ ತಮ್ಮ ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪ ಅಲ್ಲಿಂದ ಗೆದ್ದು ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು, ಕಂಠಿ ತಕರಾರಿಲ್ಲದೆ ಕುರ್ಚಿ ಬಿಟ್ಟರು. ಅವರ ದೊಡ್ಡತನವನ್ನು ಇಂದಿಗೂ ಜನ ನೆನೆಯುತ್ತಾರೆ. ಆದರೆ ಹೊಸದುರ್ಗ ಬೇಡವೆಂದವರನ್ನು ಪಕ್ಷ ನಾಲ್ಕೇ ತಿಂಗಳಲ್ಲಿ ವಿಧಾನಸೌಧಕ್ಕೆ ಕರೆತಂದಿತು ಅನ್ನೋದೂ ಅಷ್ಟೇ ನಿಜ.

1968ರವರೆಗೆ ರಾಜ್ಯ ಆಳಿದ ಅವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರೂ ಆದರು. 1969ರಲ್ಲಿ ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿ ಹೆಸರು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ, ಆತ್ಮಸಾಕ್ಷಿಯಂತೆ ಓಟು ಹಾಕಲು ಕರೆ ಕೊಟ್ಟರು. ಪಕ್ಷೇತರರಾಗಿದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ ಎರಡಾಯಿತು. ನಿಯಮದ ಬಲ ನಿಜಲಿಂಗಪ್ಪನವರ ಕಡೆ ಇತ್ತು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಕ್ಷಕ್ಕೆ ಹೋದವು. ಅವರ ತವರು ಜಿಲ್ಲೆಯೂ ಕೈಹಿಡಿಯಲಿಲ್ಲ.

ನಿಜಲಿಂಗಪ್ಪ 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳ ವಾರ್ಡ್ ಚುನಾವಣೆ ಬಂದರೆ ಈಗಲೂ ಅಂಗಡಿ ಕಟ್ಟೆ ಮೇಲಿನ ಮೊದಲ ಪ್ರಶ್ನೆ ಬಿ ಫಾರಂ ಯಾರಿಗೆ ಅನ್ನೋದೇ. ಅದನ್ನು ಕೊಡೋರು ಕೆಲವೇ ಮಂದಿ. ವಾರ್ಡಿನ ಚರಂಡಿ, ನೀರು, ಸಂತೆ ಸುಂಕದ ಪ್ರಶ್ನೆಯನ್ನು ಆಕಾಂಕ್ಷಿಗೆ ಕೇಳಬೇಕಾದ್ದು ಬಿ ಫಾರಂ ಹಂಚುವ ಮೊದಲೇ. ಆಗ ಕೇಳದಿದ್ದರೂ ಓಟು ಕೈಯಲ್ಲಿ ಇದ್ದೇ ಇರುತ್ತೆ. 1962ರಲ್ಲಿ ಹೊಸದುರ್ಗದ ಜನ ಅದನ್ನು ಬಳಸಿದ್ದರು.